ದೂರ ಕೂತು ಮನುಷ್ಯರನ್ನು ಓದಿದ್ದು

ನಾನಿರುವ ಊರಿನ ಹೆಸರು ತುಂಬ. ಮೈಸೂರಿಗೆ ಹೋದಾಗ ಈ ಹೆಸರು ಹೇಳಿದರೆ ಜನ ಮುಖ ನೋಡುತ್ತಾರೆ. ‘ತುಂಬ ಅಂದ್ರೆ? ತುಂಬಾ ಏನು, ಮುಂದಕ್ಕೆ ಹೇಳಿ’ ಅನ್ನುತ್ತಾರೆ. ಮಲಯಾಳದ ತುಂಬ ನಮ್ಮ ತುಂಬೆ ಗಿಡವೇ, ಶಿವನಿಗೆ ಏರಿಸುವ ಪುಟ್ಟ ಬಿಳಿ ಹೂವಿನ ಗಿಡ. ತಿರುವನಂತಪುರದ ಪಕ್ಕದಲ್ಲಿ ಕಡಲಿಗೆ ಅಂಟಿಕೊಂಡಿರುವ ಮೀನುಗಾರರ ಊರು ಇದು. 1963ರ ನವೆಂಬರ್ 21ರಂದು ದೇಶದ ಮೊದಲ ಸಂಶೋಧನಾ ರಾಕೆಟ್ ಹಾರಿದ್ದು ಇಲ್ಲಿಂದ. ಯಜಮಾನರ ಕೆಲಸದ ದೆಸೆಯಿಂದ ನಾನು ಇಲ್ಲಿಗೆ ಬಂದವಳು. ಮದುವೆಯ ಗಡಿಬಿಡಿಯಲ್ಲಿ ನಿಂತುಹೋಗಿದ್ದ ಬಿಎಯನ್ನು ಮತ್ತೆ ಮೊದಲಿಂದ ಶುರುಮಾಡಿ, ಆನ್‌ಲೈನ್‌ನಲ್ಲಿ ಓದಿ ಮುಗಿಸಿದ್ದೂ ಇಲ್ಲೇ. ಮುಖ್ಯ ವಿಷಯಗಳು ಎರಡು: ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರ.

2024ರಲ್ಲಿ ಅಂಕಪಟ್ಟಿ ಕೈಗೆ ಬಂತು. ಮರುವರ್ಷ, 2025ರ ಆಗಸ್ಟ್‌ನಲ್ಲಿ, ಯುಜಿಸಿಯಿಂದ ಒಂದು ಆದೇಶ ಹೊರಬಿತ್ತು. ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕಾಯಿದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ಇನ್ನು ಮೇಲೆ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೇಳಿಕೊಡಕೂಡದು ಅಂತ. ಆ ಪಟ್ಟಿಯಲ್ಲಿ ಮನಶ್ಶಾಸ್ತ್ರವೂ ಇತ್ತು. ಹಲವು ವಿಷಯಗಳಿರುವ ಬಿಎಯಲ್ಲಿ ಅದೊಂದನ್ನು ಮಾತ್ರ ತೆಗೆದು ಉಳಿದವನ್ನು ಮುಂದುವರಿಸಬಹುದು. ಸಮಾಜಶಾಸ್ತ್ರ ಉಳಿಯಿತು. ನಾನು ಎರಡು ಕಾಲಿನ ಮೇಲೆ ನಿಲ್ಲಿಸಿಕೊಂಡಿದ್ದ ಪದವಿಯಲ್ಲಿ ಒಂದು ಕಾಲು ಹೀಗೆ ನನ್ನ ಹಿಂದೆ ಬರುವವರಿಗೆ ಇಲ್ಲವಾಯಿತು.

ಸುದ್ದಿ ಓದಿ ಮೈಸೂರಿಂದ ಅಕ್ಕನ ಮಗಳು ಫೋನ್ ಮಾಡಿದಳು. ‘ಚಿಕ್ಕಮ್ಮ, ನಿಮ್ ಡಿಗ್ರಿ ಕ್ಯಾನ್ಸಲ್ಲಾ?’ ಇಲ್ಲಮ್ಮ, ಹೊಸದಾಗಿ ಸೇರುವವರಿಗೆ ಮಾತ್ರ ಅಂದೆ. ಅವಳಿಗೂ ಮನಶ್ಶಾಸ್ತ್ರ ಓದುವ ಆಸೆ. ಅಂಗಡಿಯ ಲೆಕ್ಕ ಬರೆಯುವ ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಹಾಗಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಅಲ್ಲಾ ಚಿಕ್ಕಮ್ಮ, ನಿಜ ಹೇಳಿ. ಅದನ್ನ ಓದಿ ನಿಮಗೇನು ಬಂತು?’

ಅವಳಿಗೆ ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಪುಸ್ತಕ ಓದಿದವರು ಪುಸ್ತಕದ ವಿಮರ್ಶೆ ಬರೆಯುತ್ತಾರಲ್ಲ, ಹಾಗೆ ನಾನು ಓದಿದ ಪದವಿಯ ವಿಮರ್ಶೆಯನ್ನೇ ಬರೆದು ನೋಡೋಣ ಅನ್ನಿಸಿತು. ವಿಶ್ವವಿದ್ಯಾಲಯದ ಹೆಸರು ಬೇಡ. ನನ್ನ ತಕರಾರು ಒಂದು ಸಂಸ್ಥೆಯ ಮೇಲಿನದಲ್ಲ.

*

ದೂರ ಕೂತು ಓದುವುದು ನಮಗೆ ಹೊಸದೇನಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಮೂಲಕ ಪಾಠ ಶುರುಮಾಡಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅದನ್ನೇ ಮಾಡಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನಲ್ಲೇ ನಮ್ಮ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದವು. ಕೇರಳದವರು 2020ರಲ್ಲಿ ಕೊಲ್ಲಂನಲ್ಲಿ ಶ್ರೀನಾರಾಯಣಗುರುಗಳ ಹೆಸರಲ್ಲಿ ಒಂದನ್ನು ತೆರೆದರು. ನಮ್ಮ ಕಾಲದಲ್ಲಿ ಇದಕ್ಕೆ ‘ಅಂಚೆ ತೆರಪಿನ ಶಿಕ್ಷಣ’ ಅನ್ನುತ್ತಿದ್ದರು. ತೆರಪು ಅಂದರೆ ಬಿಡುವು. ಕೆಲಸಗಳ ನಡುವೆ ಸಿಕ್ಕುವ ಸಂದು. ಈಗಿನ ‘ಆನ್‌ಲೈನ್’ ಅನ್ನುವ ಮಾತಿಗಿಂತ ಅದು ಎಷ್ಟೋ ನಿಜವಾದ ಮಾತು. ಅನ್ನಕ್ಕಿಟ್ಟು ಕುಕ್ಕರ್ ಕೂಗುವುದರೊಳಗೆ ಒಂದು ಪಾಠ, ಮಗ ಟ್ಯೂಷನ್ನಿನಿಂದ ಬರುವುದರೊಳಗೆ ಇನ್ನೊಂದು. ನಾನು ಓದಿದ್ದು ತೆರಪಿನಲ್ಲೇ.

ಆನ್‌ಲೈನ್ ಪಾಠಕ್ಕೆ ನಾಲ್ಕು ಪಾದ ಇರಬೇಕು ಅಂತ ನಿಯಮ: ವಿಡಿಯೊ, ಓದುವ ಪಠ್ಯ, ಚರ್ಚೆ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು. ನನ್ನ ಪಾಲಿಗೆ ಬಂದ ಹಸುವಿಗೆ ಮೂರು ಕಾಲು ಗಟ್ಟಿ, ಚರ್ಚೆಯ ಕಾಲು ಮಾತ್ರ ಕುಂಟು. ಮನೆಯಲ್ಲಿ ಬರೆದು ಕಳಿಸುವುದಕ್ಕೆ 30 ಅಂಕ, ಕೊನೆಯ ಪರೀಕ್ಷೆಗೆ 70. ಪರೀಕ್ಷೆಗೆ ತಿರುವನಂತಪುರದಲ್ಲಿ ಜಾಗ ಸಿಗದೆ ಪ್ರತಿಸಲವೂ ಕೊಚ್ಚಿಯೇ ಬಂತು. ಸುಮಾರು 200 ಕಿಲೋಮೀಟರ್. ನಸುಕಿನ ವೇಣಾಡ್ ಎಕ್ಸ್‌ಪ್ರೆಸ್ ಹಿಡಿದು, ತೊಡೆಯ ಮೇಲೆ ಟಿಪ್ಪಣಿ ಇಟ್ಟುಕೊಂಡು, ಮಧ್ಯಾಹ್ನದ ಪರೀಕ್ಷೆಗೆ ಎರ್ನಾಕುಳಂ ಸೇರುತ್ತಿದ್ದೆ. ಮಗ್ಗುಲಲ್ಲಿ ಕೂತವರು ‘ಮಗಳ ಪರೀಕ್ಷೆಯಾ?’ ಅನ್ನುತ್ತಿದ್ದರು. ನನ್ನದೇ ಅಂದರೆ ಸೀಟು ಸರಿಸಿ ಜಾಗ ಕೊಡುತ್ತಿದ್ದರು.

ಮೊದಲು ಒಳ್ಳೆಯದನ್ನು ಹೇಳಬೇಕು. ಮನಶ್ಶಾಸ್ತ್ರದ ಪಠ್ಯದಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ನಮ್ಮೂರು ಬಂದುಬಿಟ್ಟಿತು. ಜೋನ್ ಮಿಲ್ಲರ್ ಎಂಬ ಅಮೆರಿಕದ ಸಂಶೋಧಕಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಷಿಕಾಗೋದವರನ್ನೂ ಮೈಸೂರಿನವರನ್ನೂ ಆಕೆ ಒಂದೇ ತರಹದ ಪ್ರಶ್ನೆ ಕೇಳಿದ್ದರು: ನಿಮಗೆ ಗೊತ್ತಿರುವವರು ಯಾರೋ ಏನೋ ಮಾಡಿದರು, ಯಾಕೆ ಮಾಡಿದರು? ಮೈಸೂರಿನ ಒಂದು ಪ್ರಸಂಗ ಹೀಗಿದೆ. ಒಬ್ಬ ವಕೀಲ ಮೋಟಾರ್‌ಸೈಕಲ್ಲಿನಲ್ಲಿ ಹೋಗುವಾಗ ಹಿಂದೆ ಕೂತವನು ಬಿದ್ದು ಪೆಟ್ಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಬಿಟ್ಟು ಕೋರ್ಟಿಗೆ ಹೋಗಿಬಿಟ್ಟ. ಅಮೆರಿಕದವರು ಹೆಚ್ಚಾಗಿ ಅಂದದ್ದು: ಅವನು ಬೇಜವಾಬ್ದಾರಿ ಮನುಷ್ಯ. ಮೈಸೂರಿನವರು ಹೆಚ್ಚಾಗಿ ಅಂದದ್ದು: ಕೋರ್ಟಿನಲ್ಲಿ ಕಕ್ಷಿಗಾರ ಕಾಯ್ತಿದ್ದ, ಏನ್ ಮಾಡ್ತಾನೆ ಪಾಪ. ಅಲ್ಲಿಯವರು ಮನುಷ್ಯನ ಗುಣ ನೋಡಿದರು, ನಮ್ಮವರು ಅವನ ಸಂದರ್ಭ ನೋಡಿದರು. ಸಣ್ಣ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇಲ್ಲ, ಬೆಳೆದಂತೆ ದೊಡ್ಡದಾಗುತ್ತದೆ. ಅಂದರೆ ಇದು ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುವ ಜಾಗದಲ್ಲಿ ಕಲಿತದ್ದು.

ಓದಿ ಹೆಮ್ಮೆಯಾಯಿತು. ನಮ್ಮ ಮೈಸೂರಿನವರು ಬುದ್ಧಿವಂತರು ಅಂದುಕೊಂಡೆ. ಆ ಹೆಮ್ಮೆ ಒಂದು ದಿನ ನಿಂತಿತೋ ಇಲ್ಲವೋ. ಮಾರನೆಯ ದಿನ ಕಳಕ್ಕೂಟ್ಟಂ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆಗಾಗಿ ರೇಗಿದ. ಮನೆಗೆ ಬಂದು ಯಜಮಾನರಿಗೆ ನಾನು ಹೇಳಿದ ಮಾತು: ‘ಈ ಮಲಯಾಳಿಗಳೇ ಹೀಗೆ, ಒರಟು ಜನ.’ ಹೇಳಿ ಮುಗಿಸುವುದರೊಳಗೆ ನಾಲಗೆ ಕಚ್ಚಿಕೊಂಡೆ. ಮೈಸೂರಿನ ಕಂಡಕ್ಟರ್ ರೇಗಿದ್ದರೆ ‘ಬೆಳಗಿಂದ ಡ್ಯೂಟಿ ಪಾಪ’ ಅನ್ನುತ್ತಿದ್ದವಳು ನಾನು. ತುಂಬಕ್ಕೆ ಬಂದು ಷಿಕಾಗೋದವಳಾಗಿದ್ದೆ.

ಹೊರನಾಡಿನಲ್ಲಿರುವ ನಮ್ಮಲ್ಲಿ ಬಹಳ ಜನ ಹೀಗೆ ಅಂತ ಆಮೇಲೆ ತಿಳಿಯಿತು. ಊರಲ್ಲಿ ಪ್ರತಿಯೊಬ್ಬರ ಸಂದರ್ಭವೂ ನಮಗೆ ಗೊತ್ತು. ಇವರ ಅಪ್ಪ ಕುಡಿಯುತ್ತಿದ್ದ, ಅವರ ಜಮೀನು ಕೋರ್ಟಿನಲ್ಲಿದೆ. ಪರ ಊರಿನಲ್ಲಿ ಯಾರ ಹಿಂದುಮುಂದೂ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನೆಲ್ಲ ‘ಇವರ ಗುಣವೇ ಇಷ್ಟು’ ಅನ್ನುವ ಮಾತಿನಿಂದ ತುಂಬುತ್ತೇವೆ. ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಈ ತಪ್ಪಿಗೆ ಒಂದು ದೊಡ್ಡ ಹೆಸರಿಟ್ಟರು. ಹೆಸರು ಪರೀಕ್ಷೆಗೆ ಬೇಕಾಯಿತು. ತಪ್ಪು ನನ್ನದು ಅಂತ ಗೊತ್ತಾದದ್ದು ಬಸ್ಸಿನಿಂದ.

ಈ ಪಾಠವನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಪಠ್ಯವನ್ನು ನೋಡಿದೆ. ಆಗಲೇ ನನ್ನ ಜಗಳ ಶುರುವಾದದ್ದು. ನನ್ನ ಪಠ್ಯವೂ ನಾನು ಬಸ್ಸಿನಲ್ಲಿ ಮಾಡಿದ್ದನ್ನೇ ಮಾಡುತ್ತಿತ್ತು.

*

ಒಂದು ಉದಾಹರಣೆ. ಕಷ್ಟದಲ್ಲಿರುವವರನ್ನು ಜನ ನೋಡುತ್ತ ನಿಲ್ಲುತ್ತಾರೆ, ನೋಡುವವರು ಹೆಚ್ಚಾದಷ್ಟೂ ಕೈಹಾಕುವವರು ಕಡಿಮೆ ಅನ್ನುವ ಅಧ್ಯಾಯ ಎಲ್ಲ ಸಾಮಾಜಿಕ ಮನಶ್ಶಾಸ್ತ್ರದ ಪುಸ್ತಕಗಳಲ್ಲೂ ಇರುತ್ತದೆ. ಅದು ಶುರುವಾಗುವುದು 1964ರ ನ್ಯೂಯಾರ್ಕ್‌ನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಹುಡುಗಿಯ ಕೊಲೆಯಿಂದ. 38 ಜನ ಕಿಟಕಿಯಿಂದ ನೋಡುತ್ತಿದ್ದರೂ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಅಂತ ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ಇದರಿಂದ ಹೊರಟು ಲಟಾನೆ ಮತ್ತು ಡಾರ್ಲಿ 1968ರಲ್ಲಿ ಪ್ರಯೋಗಗಳನ್ನು ಮಾಡಿದರು. ಕೋಣೆಯೊಳಗೆ ಹೊಗೆ ಬಿಟ್ಟರೆ, ಒಬ್ಬನೇ ಕೂತವರಲ್ಲಿ ನೂರಕ್ಕೆ 75 ಜನ ಎದ್ದುಹೋಗಿ ತಿಳಿಸಿದರು. ಅಲುಗಾಡದೆ ಕೂರಲು ಮೊದಲೇ ಹೇಳಿಟ್ಟಿದ್ದ ಇಬ್ಬರ ಜೊತೆ ಕೂತವರಲ್ಲಿ ನೂರಕ್ಕೆ ಹತ್ತೇ ಜನ. ಪ್ರಯೋಗ ಸೊಗಸಾಗಿದೆ, ಅಲ್ಲಗಳೆಯುವಂತಿಲ್ಲ.

ಆದರೆ ಪಠ್ಯ ಹೇಳದೆ ಬಿಟ್ಟ ಸಂಗತಿ ಒಂದಿದೆ. ಆ 38 ಜನರ ಕಥೆಯೇ ಸರಿಯಿಲ್ಲ. ಅಷ್ಟು ಜನ ನೋಡಿದ್ದಕ್ಕೆ ಆಧಾರವಿಲ್ಲ, ಪಠ್ಯಪುಸ್ತಕಗಳು ಅದನ್ನು ಪುರಾಣದಂತೆ ಹೇಳಿಕೊಂಡು ಬಂದಿವೆ ಅಂತ ಮೂವರು ಸಂಶೋಧಕರು 2007ರಲ್ಲೇ ಅಮೆರಿಕದ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ತೋರಿಸಿದ್ದರು. 2016ರಲ್ಲಿ ಆ ಪತ್ರಿಕೆಯೂ ತನ್ನ ವರದಿ ದೋಷದ್ದು ಅಂತ ಒಪ್ಪಿಕೊಂಡಿತು. 2019ರಲ್ಲಿ ಬ್ರಿಟನ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾಗಳ ಬೀದಿ ಜಗಳಗಳ ಕ್ಯಾಮೆರಾ ದೃಶ್ಯಗಳನ್ನು ಕೂತು ನೋಡಿದವರಿಗೆ ಕಂಡದ್ದು, ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ದಾರಿಹೋಕರು ಒಬ್ಬರಾದರೂ ನಡುವೆ ಬಂದು ಬಿಡಿಸಿದ್ದರು.

ಈ ಅಧ್ಯಾಯವನ್ನು ನಾನು ಓದಿದ್ದು ವೇಣಾಡ್ ರೈಲಿನಲ್ಲಿ. ಗಾಡಿ ಚೆಂಗನ್ನೂರು ದಾಟಿ ಪಂಪಾ ನದಿಯ ಸೇತುವೆ ಮೇಲೆ ಹೋಗುವಾಗ ತಲೆಯೆತ್ತಿ ನೋಡಿದೆ. 2018ರ ಆಗಸ್ಟ್‌ನ ಪ್ರವಾಹದಲ್ಲಿ ಈ ಊರು ಮುಳುಗಿತ್ತು. ಆಗ ಕರಾವಳಿಯ ಸಾವಿರಾರು ಮೀನುಗಾರರು, ತಿರುವನಂತಪುರದ ಕಡೆಯವರೂ ಸೇರಿ, ನೂರಾರು ದೋಣಿಗಳನ್ನು ಲಾರಿಗೇರಿಸಿಕೊಂಡು ಬಂದರು. ಕಡಲ ದೋಣಿಯನ್ನು ಮನೆಯ ಅಂಗಳದ ನೀರಿಗೆ ಇಳಿಸಿ ಜನರನ್ನು ಎತ್ತಿದರು. ಅವರಿಗೆ ಆ ಊರಿನಲ್ಲಿ ನೆಂಟರಿರಲಿಲ್ಲ. ಮುಖ್ಯಮಂತ್ರಿಗಳು ಅವರನ್ನು ಕೇರಳದ ಸೈನ್ಯ ಅಂತ ಕರೆದರು. ಅವರು ಯಾಕೆ ನೋಡುತ್ತ ನಿಲ್ಲಲಿಲ್ಲ? ಗುಂಪಾಗಿ ಇದ್ದದ್ದರಿಂದಲೇ ಹೊರಟರಲ್ಲವೆ? ಕಡಲಲ್ಲಿ ಒಬ್ಬನ ದೋಣಿ ಮಗುಚಿದರೆ ಇನ್ನೊಬ್ಬ ಹೋಗಲೇಬೇಕು, ನಾಳೆ ತನ್ನದೇ ಮಗುಚಬಹುದು. ಈ ಅಭ್ಯಾಸಕ್ಕೂ ಲಾರಿಗೂ ನಂಟಿದೆಯೋ ಇಲ್ಲವೋ? ಹೊಗೆಯ ಕೋಣೆಯಷ್ಟೇ ಒಳ್ಳೆಯ ಪ್ರಶ್ನೆಗಳು ಇವು. ಪಠ್ಯ ಬರೆದವರು ನಮ್ಮ ದೇಶದವರೇ, ಆದರೂ ಈ ಪ್ರಶ್ನೆ ಅದರಲ್ಲಿರಲಿಲ್ಲ. ನಾನು ಕೊಚ್ಚಿಗೆ ಹೋಗಿ ಉತ್ತರಪತ್ರಿಕೆಯಲ್ಲಿ 38 ಜನರ ಕಥೆಯನ್ನೇ ಬರೆದೆ. ಅಂಕ ಬಂತು.

ಈ ಊನ ನಾನೊಬ್ಬಳು ಕಂಡುಹಿಡಿದದ್ದಲ್ಲ. ಮನಶ್ಶಾಸ್ತ್ರದ ದೊಡ್ಡ ಪತ್ರಿಕೆಗಳಲ್ಲಿ ಬರುವ ಪ್ರಯೋಗಗಳಿಗೆ ಕೂತವರಲ್ಲಿ ನೂರಕ್ಕೆ 96 ಮಂದಿ ಪಶ್ಚಿಮದ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿರುವುದು ಜಗತ್ತಿನ ನೂರಕ್ಕೆ 12ರಷ್ಟು ಜನ ಅಂತ 2010ರಲ್ಲಿ ಹೆನ್ರಿಕ್ ಮತ್ತು ಸಂಗಡಿಗರು ಎತ್ತಿ ತೋರಿಸಿ ಗದ್ದಲವೆಬ್ಬಿಸಿದ್ದರು. ಆ 96ರಲ್ಲೂ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ಅವರ ಸಂದರ್ಭವನ್ನು ಬಿಟ್ಟು ಅವರ ಗುಣವನ್ನು ತೆಗೆದುಕೊಂಡು ‘ಮನುಷ್ಯನೇ ಹೀಗೆ’ ಅನ್ನುವುದು, ಒಬ್ಬ ಕಂಡಕ್ಟರನ್ನು ನೋಡಿ ‘ಮಲಯಾಳಿಗಳೇ ಹೀಗೆ’ ಅಂದದ್ದಕ್ಕಿಂತ ಬೇರೆ ಅಲ್ಲ.

*

ಇನ್ನೊಂದು ಸಂಗತಿ ಹೇಳಲು ಈಗಲೂ ಸಂಕೋಚ.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂತು. ತಿರುವನಂತಪುರದ ಕರಾವಳಿಯಿಂದ ಕಡಲಿಗೆ ಹೋದವರಲ್ಲಿ ಬಹಳ ಜನ ಹಿಂತಿರುಗಲಿಲ್ಲ. ನಮ್ಮ ಮನೆಗೆ ಮೀನು ತರುವ ಚೇಚ್ಚಿಯ ತಮ್ಮನೂ ಅವರಲ್ಲೊಬ್ಬ. ಹೆಣ ಸಿಗಲಿಲ್ಲ. ಪ್ರತಿವರ್ಷ ನವೆಂಬರ್ 2ರಂದು, ತೀರಿಕೊಂಡವರ ದಿನ, ಇಗರ್ಜಿಯಲ್ಲಿ ಪ್ರಾರ್ಥನೆಗೆ ಮನೆಯವರು ಹೆಸರು ಬರೆಸುತ್ತಾರೆ. ಚೇಚ್ಚಿ ಅಪ್ಪನ ಹೆಸರು ಬರೆಸುತ್ತಾಳೆ, ಅಮ್ಮನ ಹೆಸರು ಬರೆಸುತ್ತಾಳೆ, ತಮ್ಮನದನ್ನು ಬರೆಸುವುದಿಲ್ಲ.

ಆ ವರ್ಷ ನಾನು ದುಃಖದ ಐದು ಹಂತಗಳನ್ನು ಓದುತ್ತಿದ್ದೆ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ್ದು. ಬಾಯಿಪಾಠವೂ ಆಗಿತ್ತು. ಚೇಚ್ಚಿ ಹೆಸರು ಬರೆಸದ ವಿಷಯ ಹೇಳಿದಾಗ ನಾನು ಡಾಕ್ಟರ ಹಾಗೆ ಅಂದೆ: ‘ಚೇಚ್ಚಿ, ಇದು ಮೊದಲನೇ ಹಂತ. ಒಪ್ಪಿಕೊಳ್ಳೋಕೆ ಮನಸ್ಸು ತಯಾರಿಲ್ಲ. ಐದು ವರ್ಷ ಆಯ್ತಲ್ಲ, ಇನ್ನು ಮುಂದಿನ ಹಂತಕ್ಕೆ ಹೋಗಬೇಕು.’

ಅವಳು ಮೀನು ಹೆಚ್ಚುತ್ತಿದ್ದ ಕತ್ತಿ ಕೆಳಗಿಟ್ಟಳು. ‘ಮೋಳೇ, ನಿನ್ನ ಪುಸ್ತಕ ಬರೆದವರ ಮನೆಯಿಂದ ಯಾರಾದರೂ ಕಡಲಿಗೆ ಹೋಗಿದ್ದರಾ?’ ಅಂದಳು. ಸಿಟ್ಟಿರಲಿಲ್ಲ, ನಿಜವಾಗಿ ಕೇಳಿದ ಹಾಗಿತ್ತು. ಆಮೇಲೆ ಹದಿನೈದು ದಿನ ಅವಳು ನಮ್ಮ ಬೀದಿಗೆ ಬರಲಿಲ್ಲ.

ಆ ಹದಿನೈದು ದಿನಗಳಲ್ಲಿ ನಾನು ಪಠ್ಯ ಬಿಟ್ಟು ಬೇರೆ ಓದಿದೆ. ಕ್ಯೂಬ್ಲರ್-ರಾಸ್ ಮಾತಾಡಿಸಿದ್ದು ಷಿಕಾಗೋದ ಆಸ್ಪತ್ರೆಯಲ್ಲಿ ಸಾಯಲಿದ್ದ ರೋಗಿಗಳನ್ನು. ಅದು ತನ್ನ ಸಾವಿನ ಸುದ್ದಿ ಕೇಳಿದವರ ಕಥೆ. ತಮ್ಮನನ್ನು ಕಳಕೊಂಡ ಅಕ್ಕಂದಿರದಲ್ಲ. ಅದನ್ನು ಉಳಿದವರ ದುಃಖಕ್ಕೆ ಹೊಂದಿಸಿದ್ದು ಆಮೇಲೆ. ಪಾಲಿನ್ ಬಾಸ್ ಎಂಬ ಇನ್ನೊಬ್ಬಾಕೆ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ 1970ರ ದಶಕದಲ್ಲಿ ಕೆಲಸಮಾಡಿ, ಇಂಥದಕ್ಕೆ ಬೇರೆಯೇ ಹೆಸರು ಕೊಟ್ಟಿದ್ದರು. ಇದ್ದಾನೆ ಅನ್ನುವಂತಿಲ್ಲ, ಇಲ್ಲ ಅನ್ನುವಂತಿಲ್ಲ, ಅಸ್ಪಷ್ಟವಾದ ನಷ್ಟ. ಇಲ್ಲಿ ಒಪ್ಪಿಕೊಳ್ಳದಿರುವುದು ಮನಸ್ಸಿನ ರೋಗವಲ್ಲ, ಒಪ್ಪಿಕೊಳ್ಳಲು ಹೊರಗೆ ಆಧಾರವೇ ಇಲ್ಲ ಅನ್ನುತ್ತಾರೆ ಆಕೆ. ಮತ್ತೆ ಅದೇ ಮಾತು: ತಪ್ಪು ಗುಣದ್ದಲ್ಲ, ಸಂದರ್ಭದ್ದು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆಂದು ತಿಳಿಯಬಹುದು ಅಂತ ಕಾನೂನು ಕೂಡ ಕಾಯುತ್ತದೆ. ನಾನು ಐದಕ್ಕೇ ಅವಸರ ಮಾಡಿದ್ದೆ. ಬಾಸ್ ನನ್ನ ಪಠ್ಯದಲ್ಲಿರಲಿಲ್ಲ.

ಹಾಗಾಗಿ ಯುಜಿಸಿಯ ಆದೇಶ ಬಂದಾಗ ನನಗೆ ಬೇರೆಯವರಷ್ಟು ಸಿಟ್ಟು ಬರಲಿಲ್ಲ. ತೆರೆಯಲ್ಲಿ ಕಲಿತ ಅರೆಬರೆ ಮಾತನ್ನು ನೊಂದವರ ಮುಂದೆ ಆಡಿದರೆ ಏನಾಗುತ್ತದೆ ಅಂತ ಕಂಡವಳು ನಾನು. ಮನಸ್ಸಿನ ಚಿಕಿತ್ಸೆ ಮಾಡುವವರು ರೋಗಿಯ ಎದುರು, ತಿಳಿದ ಗುರುಗಳ ಕಣ್ಣ ಕೆಳಗೆ ಕಲಿಯಬೇಕು. ನಮ್ಮ ನಿಮ್ಹಾನ್ಸ್‌ನಂಥ ಕಡೆ ವರ್ಷಗಟ್ಟಲೆ ಹಾಗೆ ಕಲಿಯುತ್ತಾರೆ. ಬಿಎ ಓದಿ ಬೋರ್ಡು ಹಾಕಿಕೊಳ್ಳುವುದನ್ನು ತಡೆಯಬೇಕಾದ್ದೇ.

*

ಹಾಗಾದರೆ ಸಮಾಜಶಾಸ್ತ್ರಕ್ಕೆ ಯಾಕೆ ರಿಯಾಯಿತಿ? ಅದನ್ನು ದೂರದಿಂದ ಕಲಿತರೆ ಯಾರಿಗೂ ನೋವಾಗುವುದಿಲ್ಲ ಅಂತಲೆ?

ನನ್ನ ಸಮಾಜಶಾಸ್ತ್ರದ ಪಠ್ಯದ ರೋಗವೂ ಅದೇ ಆಗಿತ್ತು. ಸ್ಥಳಾಂತರ, ಪುನರ್ವಸತಿ, ಅಭಿವೃದ್ಧಿ ಎಲ್ಲಕ್ಕೂ ಎರಡೆರಡು ಸಾಲಿನ ವ್ಯಾಖ್ಯೆ. ನಾನು ಕೂತು ಓದುತ್ತಿದ್ದ ನೆಲವೇ ಸ್ಥಳಾಂತರದ ನೆಲ. ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಹತ್ತಿರ ಅಂತ ವಿಜ್ಞಾನಿಗಳು ತುಂಬವನ್ನು ಆರಿಸಿದಾಗ ಇಲ್ಲಿ ಮೀನುಗಾರರ ಮನೆಗಳಿದ್ದವು, ಸಂತ ಮೇರಿ ಮ್ಯಾಗ್ಡಲೀನಳ ಇಗರ್ಜಿಯಿತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಭಾನುವಾರದ ಪೂಜೆಯಲ್ಲಿ ಜನರನ್ನು ಕೇಳಿದರು, ಜನ ಒಪ್ಪಿದರು, ಇಗರ್ಜಿ ರಾಕೆಟ್ ಕಚೇರಿಯಾಯಿತು ಅನ್ನುವ ಕಥೆಯನ್ನು ಅಬ್ದುಲ್ ಕಲಾಂ ಅವರು ಹೇಳಿ ದೇಶಕ್ಕೆಲ್ಲ ಗೊತ್ತಾಗಿದೆ. ಆ ಇಗರ್ಜಿ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಊರಿಂದ ಬಂದ ನೆಂಟರನ್ನೆಲ್ಲ ನಾನೂ ಅಲ್ಲಿಗೆ ಕರಕೊಂಡು ಹೋಗಿದ್ದೇನೆ. ಜನ ಪಕ್ಕದ ಪಳ್ಳಿತ್ತುರಕ್ಕೆ ಹೋದರು, ಅಲ್ಲಿ ಹೊಸ ಇಗರ್ಜಿ ಬಂತು. ಕಥೆ ಒಳ್ಳೆಯದು, ಬಿಷಪ್ಪರೂ ವಿಜ್ಞಾನಿಗಳೂ ದೊಡ್ಡವರು. ಆದರೆ ಸಮಾಜಶಾಸ್ತ್ರದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಕಥೆ ಮುಗಿದ ಮೇಲೆ ಶುರುವಾಗುತ್ತದೆ. ಹೋದವರು ದೋಣಿ ಎಲ್ಲಿ ಕಟ್ಟಿದರು? ಯಾರ ಪಕ್ಕದಲ್ಲಿ ಯಾರಿಗೆ ಮನೆ ಬಂತು? ಹೆಂಗಸರು ಮೀನು ಹೊತ್ತು ಹೋಗುವ ದಾರಿ ಎಷ್ಟು ಉದ್ದವಾಯಿತು? ಮೂರು ವರ್ಷದಲ್ಲಿ ಒಂದು ನಿಬಂಧವೂ ‘ನಿನ್ನ ಬೀದಿಗೆ ಹೋಗಿ ಹತ್ತು ಮನೆ ಕೇಳಿ ಬಾ’ ಅನ್ನಲಿಲ್ಲ.

ನಮ್ಮೂರು ಎರಡನೇ ಸಲ ಬಂದದ್ದು ಈ ಪಠ್ಯದಲ್ಲಿ, ಎಂ.ಎನ್. ಶ್ರೀನಿವಾಸರ ರೂಪದಲ್ಲಿ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಪಠ್ಯದಲ್ಲಿ ಅವರು ಎರಡು ಅಂಕದ ಪ್ರಶ್ನೆ: ‘ಸಂಸ್ಕೃತೀಕರಣ ಎಂದರೇನು?’ ನಾನು ತಿರುವನಂತಪುರದ ಸ್ಟೇಟ್ ಸೆಂಟ್ರಲ್ ಲೈಬ್ರರಿಗೆ ಹೋಗಿ, 1829ರಲ್ಲಿ ಶುರುವಾದ ಲೈಬ್ರರಿ ಅದು, ಅವರ ‘ದಿ ರಿಮೆಂಬರ್ಡ್ ವಿಲೇಜ್’ ಓದಿದೆ. ಹೊರನಾಡಿನಲ್ಲಿರುವ ಪ್ರತಿ ಕನ್ನಡಿಗರೂ ಓದಬೇಕಾದ ಪುಸ್ತಕ ಅಂತ ಈಗ ನನ್ನ ಅಭಿಪ್ರಾಯ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದರು. ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಬರೆಯುತ್ತಿದ್ದ ಕಟ್ಟಡಕ್ಕೆ ಯಾರೋ ಬೆಂಕಿಯಿಟ್ಟರು. ವರ್ಷಗಳಿಂದ ಸಂಸ್ಕರಿಸಿ ಇಟ್ಟುಕೊಂಡಿದ್ದ ಟಿಪ್ಪಣಿಗಳ ಮೂರು ಪ್ರತಿಯೂ ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಅಂತ ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞ ಹೇಳಿದರು. ಬರೆದರು. 1976ರಲ್ಲಿ ಪುಸ್ತಕ ಬಂತು.

ಇದು ದೂರದಲ್ಲಿ ಕೂತು ಬರೆದ ಪುಸ್ತಕ. ಆದರೆ ಅದರಲ್ಲಿ ‘ಹಳ್ಳಿಯವರೇ ಹೀಗೆ’ ಅನ್ನುವ ಧಾಟಿ ಇಲ್ಲ. ಪಟೇಲರ ಕೋಪಕ್ಕೊಂದು ಹಿನ್ನೆಲೆಯಿದೆ, ಸಾಲಕ್ಕೊಂದು ಹಿನ್ನೆಲೆಯಿದೆ. ಕೊರತೆಯೂ ಇದೆ. ಅವರು ಉಳಿದದ್ದು ಪಟೇಲರ ಎತ್ತಿನ ಮನೆಯಲ್ಲಿ. ಆ ಜಗಲಿಯಿಂದ ಒಕ್ಕಲಿಗರ ಗಂಡಸರು ಹತ್ತಿರ ಕಾಣುತ್ತಾರೆ, ದಲಿತರ ಕೇರಿಯೂ ಹೆಂಗಸರ ಅಡುಗೆಮನೆಯೂ ದೂರ. ಆದರೆ ತಾನು ಎಲ್ಲಿ ಕೂತು ನೋಡಿದೆ ಅಂತ ಅವರು ಮುಚ್ಚಿಡುವುದಿಲ್ಲ. ನನ್ನ ಪಠ್ಯಗಳಲ್ಲಿ ಎಲ್ಲೂ ಸಿಗದ ಗುಣ ಇದು. ದೂರದಿಂದ ನೋಡುವುದು ತಪ್ಪಲ್ಲ, ಎಲ್ಲಿ ನಿಂತು ನೋಡುತ್ತಿದ್ದೇನೆ ಅಂತ ಹೇಳದಿರುವುದು ತಪ್ಪು.

*

ಇಷ್ಟಾದ ಮೇಲೆ ಯುಜಿಸಿಯ ಆದೇಶಕ್ಕೆ ಮರಳುತ್ತೇನೆ. ಅರ್ಧ ಒಪ್ಪಿಗೆ ಆಗಲೇ ಹೇಳಿದೆ. ಒಪ್ಪದ ಅರ್ಧ ಇದು: ಮನಶ್ಶಾಸ್ತ್ರ ಓದುವವರೆಲ್ಲ ಚಿಕಿತ್ಸೆ ಮಾಡಲು ಹೊರಟವರು ಅಂತ ಆದೇಶ ತಿಳಿದಂತಿದೆ. ನಮ್ಮ ನಾಡಿನ ಚರಿತ್ರೆ ಹಾಗಿಲ್ಲ. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ತೆರೆದು ‘ಆಕಾಶವಾಣಿ’ ಅಂತ ಹೆಸರು ಕೊಟ್ಟವರು. ಮನಸ್ಸಿನ ಮೇಷ್ಟರಿಗೆ ದೂರದವರ ಕಿವಿ ಬೇಕಾಗಿತ್ತು. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋರೋಗಗಳ ಬಗ್ಗೆ ‘ಮನಮಂಥನ’ ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಟ್ಟ ಪುಸ್ತಕಗಳು ಬಸ್ ಸ್ಟ್ಯಾಂಡಿನ ಅಂಗಡಿಯವರೆಗೂ ಬಂದವು. ದೆವ್ವ ಹಿಡಿದಿದೆ ಅಂತ ಮಗಳನ್ನು ಹೊಡೆಯುತ್ತಿದ್ದ ಎಷ್ಟೋ ಮನೆಗಳಲ್ಲಿ ಅವು ಕೈ ತಡೆದಿರಬೇಕು. ಇದೆಲ್ಲ ದೂರಶಿಕ್ಷಣವೇ. ಚಿಕಿತ್ಸೆಗೆ ದೂರ ಅಡ್ಡಿ, ತಿಳಿವಳಿಕೆಗೆ ಅಲ್ಲ. ಎರಡನ್ನೂ ಒಂದೇ ಕತ್ತಿಯಿಂದ ಕತ್ತರಿಸಿದರೆ ಅಂಗಡಿ ಲೆಕ್ಕ ಬರೆಯುತ್ತ ತೆರಪಿನಲ್ಲಿ ಓದಬೇಕಾದ ಹುಡುಗಿಗೆ ಬಾಗಿಲು ಮುಚ್ಚಿತು. ‘ಇದು ಓದಿಗೆ, ವೃತ್ತಿಗಲ್ಲ’ ಅಂತ ಪದವಿಯ ಮೇಲೆ ಬರೆದು ಉಳಿಸಿಕೊಳ್ಳಬಹುದಿತ್ತು. ಅದಕ್ಕಿಂತ ಮೊದಲು ಎರಡೂ ಪಠ್ಯಗಳಿಗೆ ಒಂದು ನಿಬಂಧ ಸೇರಿಸಬಹುದಿತ್ತು: ನೆರೆಮನೆಗೆ ಹೋಗಿ ಕೂತು ಬರುವುದು.

ಅಕ್ಕನ ಮಗಳಿಗೆ ಆಮೇಲೆ ಫೋನ್ ಮಾಡಿದೆ. ಸಮಾಜಶಾಸ್ತ್ರಕ್ಕೆ ಸೇರಿಕೋ, ಮನಶ್ಶಾಸ್ತ್ರದ ಪುಸ್ತಕ ನಾನು ಕಳಿಸ್ತೀನಿ, ಪರೀಕ್ಷೆಯಿಲ್ಲದೆ ಓದು ಅಂದೆ. ‘ನಿಮಗೇನು ಬಂತು ಅಂತ ಹೇಳಲೇ ಇಲ್ಲ’ ಅಂದಳು. ‘ಒಬ್ಬರ ಮೇಲೆ ಸಿಟ್ಟು ಬಂದಾಗ ಅವರ ಮನೆಯಲ್ಲಿ ಏನಾಗಿದೆಯೋ ಅಂತ ಒಂದು ನಿಮಿಷ ಯೋಚಿಸೋದು ಬಂತು. ಯಾವಾಗಲೂ ಬರಲ್ಲ, ಒಂದೊಂದು ಸಲ ಬರುತ್ತೆ’ ಅಂದೆ. ‘ಅಷ್ಟಕ್ಕೆ ಮೂರು ವರ್ಷವಾ?’ ಅಂತ ನಕ್ಕಳು.

ಚೇಚ್ಚಿ ಹದಿನಾರನೆಯ ದಿನ ಬಂದಿದ್ದಳು, ಏನೂ ಆಗದವಳ ಹಾಗೆ, ಬುಟ್ಟಿಯಲ್ಲಿ ಮತ್ತಿ ಮೀನು ತುಂಬಿಕೊಂಡು. ಮೀನು ಕಂಡರೆ ಮೂಗು ಮುಚ್ಚುತ್ತಿದ್ದ ನಾನು ಅವತ್ತು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ತಮ್ಮನ ಬಗ್ಗೆ ಅವಳೇ ಹೇಳಿದಳು: ಅವನು ಈಜುವುದರಲ್ಲಿ ಊರಿಗೇ ಮೊದಲಿಗ, ಉಪ್ಪು ಕಮ್ಮಿಯಾದರೆ ಊಟ ಬಿಟ್ಟು ಏಳುತ್ತಿದ್ದ, ಇಪ್ಪತ್ತು ರೂಪಾಯಿ ಸಾಲ ತೀರಿಸದೆ ಹೋಗಿದ್ದಾನೆ. ಹೇಳುವಾಗ ಅವಳು ‘ಇದ್ದ’ ಅಂತಲೂ ಅಂದಳು, ‘ಇದ್ದಾನೆ’ ಅಂತಲೂ ಅಂದಳು. ನಾನು ತಿದ್ದಲಿಲ್ಲ.